ನೀರೊಡೆದ ಮಾಂಸ

ಎಮ್ಮೆ, ಆಕಳು, ಕುರಿ, ಯಾವುದರ ಮೇಲಾದರೂ ಓದಬಹುದಿತ್ತಲ್ಲ ಎಂದು ನನಗೆ ಇಂದಿಗೂ ಹೇಳುವವರಿದ್ದಾರೆ. ನಾನು ಓದಿದ್ದು ಹಂದಿಯ ಮಾಂಸದ ಮೇಲೆ. ತೇರದಾಳದ ಹತ್ತಿರದ ಒಂದು ಜೈನ ಮನೆತನದಲ್ಲಿ ಹುಟ್ಟಿದವಳು ನಾನು. ಉಳ್ಳಾಗಡ್ಡಿ, ಬಟಾಟೆ ಒಳಗೆ ಬಾರದ ಅಡುಗೆಮನೆ ನಮ್ಮದು. ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯುತ್ತಿತ್ತು. ಅಂಥ ಮನೆಯಿಂದ ಹೋಗಿ, ಯಾವ ಹಂದಿಯ ಮಾಂಸ ಕೆಂಪಗೆ ಗಟ್ಟಿಯಾಗಿರುತ್ತದೆ, ಯಾವುದರದ್ದು ಬಿಳಿಚಿಕೊಂಡು ನೀರು ಬಿಡುತ್ತದೆ, ಅದರಲ್ಲಿ ತಂದೆ ತಾಯಿಯಿಂದ ಬಂದದ್ದೆಷ್ಟು ಎಂಬುದನ್ನು ಕಲಿತೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ತಗ್ಗಿಸುವುದೂ ಇಲ್ಲ.

ಅಪ್ಪ ಕಬ್ಬಿನ ರೈತ. ನನ್ನನ್ನು ಪಶುವೈದ್ಯಕೀಯ ಕಾಲೇಜಿಗೆ ಕಳಿಸುವಾಗ ಅವನ ಕಣ್ಣ ಮುಂದೆ ಇದ್ದದ್ದು ನಮ್ಮ ಕೊಟ್ಟಿಗೆಯ ಎಮ್ಮೆಗಳು ಮತ್ತು ಒಂದು ಸರ್ಕಾರಿ ನೌಕರಿ. ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಊರುಗಳನ್ನು ಎಬ್ಬಿಸುತ್ತಿದ್ದ ವರ್ಷಗಳವು. ಮನೆಯ ತೊಲೆ, ಬಾಗಿಲು, ಬೀಸುಕಲ್ಲು ಹೇರಿಕೊಂಡ ಟ್ರ್ಯಾಕ್ಟರುಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ನಾನು ಕಾಲೇಜಿಗೆ ಹೋಗಿಬಂದು ಮಾಡಿದೆ. ಪದವಿ ಮುಗಿಯಿತು. ಮುಂದಿನ ಓದಿಗೆ ಹೈನುಗಾರಿಕೆ ಕೇಳಿದೆ. ನನಗಿಂತ ಹೆಚ್ಚು ಅಂಕ ಪಡೆದವರು ಆ ಸೀಟುಗಳನ್ನು ತೆಗೆದುಕೊಂಡಿದ್ದರು. ಉಳಿದಿದ್ದು ಮಾಂಸ ವಿಜ್ಞಾನ. ಒಂದು ವರ್ಷ ಮನೆಯಲ್ಲಿ ಕುಳಿತರೆ ಮದುವೆ ಮಾಡಿಬಿಡುತ್ತಾರೆ ಎಂದು ಗೊತ್ತಿದ್ದರಿಂದ ಸೇರಿಕೊಂಡೆ.

ಮೊದಲ ವಾರದಲ್ಲೇ ನಮ್ಮ ಪ್ರಾಧ್ಯಾಪಕರು ಸ್ಟೀಲಿನ ತಟ್ಟೆಯೊಂದರಲ್ಲಿ ಎರಡು ತುಂಡು ಹಂದಿ ಮಾಂಸ ತಂದಿಟ್ಟರು. ಒಂದು ಕಡುಗೆಂಪು, ಒಣಗಿದಂತೆ ಬಿಗಿಯಾಗಿತ್ತು. ಇನ್ನೊಂದು ನೀರಲ್ಲಿ ನೆನೆಸಿಟ್ಟ ಬಟ್ಟೆಯ ಹಾಗೆ ಬಿಳಿಚಿಕೊಂಡು, ತನ್ನದೇ ನೀರಿನಲ್ಲಿ ಕುಳಿತಿತ್ತು.

"ಎರಡೂ ಒಂದೇ ವಯಸ್ಸಿನ ಹಂದಿಗಳು. ಒಂದೇ ದೊಡ್ಡಿ, ಒಂದೇ ಮೇವು. ಕೊಯ್ದದ್ದೂ ಒಂದೇ ಮುಂಜಾನೆ. ಹಾಗಾದರೆ ಈ ಫರಕು ಎಲ್ಲಿಂದ ಬಂತು?" ಎಂದು ಕೇಳಿದರು.

"ಹುಟ್ಟಿನಿಂದ" ಎಂದು ಆಮೇಲೆ ಅವರೇ ಹೇಳಿದರು.

ಆ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಕೆಲವು ದಿನಗಳ ಮೇಲೆ ಹೈನುಗಾರಿಕೆಯ ಹುಡುಗನೊಬ್ಬ ನೌಕರಿ ಸಿಕ್ಕು ಹೋದ. ಪ್ರಾಧ್ಯಾಪಕರು ನನ್ನನ್ನು ಕರೆದು, "ನಿಮ್ಮ ಮನೆಯ ಪರಿಸ್ಥಿತಿ ನನಗೆ ಗೊತ್ತು. ಆ ಸೀಟಿಗೆ ಹೋಗುವುದಿದ್ದರೆ ಹೋಗಿ" ಎಂದರು. "ಇಲ್ಲೇ ಇರ್ತೇನೆ ಸರ್" ಎಂದೆ. ಯಾರೂ ಬಲವಂತ ಮಾಡಲಿಲ್ಲ, ಯಾರೂ ದಾರಿ ತಪ್ಪಿಸಲಿಲ್ಲ. ಆರಿಸಿಕೊಂಡವಳು ನಾನು.

ಊರಿಗೆ ಹೋಗಿ ಹೇಳಿದಾಗ ಅಪ್ಪ ಅಂಗಳದಲ್ಲಿ ಕುಳಿತು ಕಾಲಿಗೆ ಮೆತ್ತಿದ ಕೆಸರು ತೊಳೆಯುತ್ತಿದ್ದ.

"ಬ್ಯಾರೇದ ಯಾವುದೂ ಸಿಗಲಿಲ್ಲೇನವಾ?"

"ಸಿಕ್ಕಿತ್ತಪ್ಪಾ. ನಾನ ಬ್ಯಾಡಂದೆ."

ಅಪ್ಪ ತಂಬಿಗೆ ಕೆಳಗಿಟ್ಟು ಎದ್ದು ಹೋದ. ಮಾತಾಡಿದ್ದು ಆಯಿ, ಅಪ್ಪನ ತಾಯಿ. ಆಯಿ ನೀರನ್ನು ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಚ್ಚಿದವಳಲ್ಲ.

"ಕಾಲಾಗ ಇರವಿ ಸಿಕ್ಕರ ಪ್ರಾಯಶ್ಚಿತ್ತ ಮಾಡ್ಕೊಳ್ಳೂ ಮಂದಿ ನಾವು. ನೀ ಕೊಲ್ಲೂದನ್ನ ಛಲೋ ಮಾಡಾಕ ಸಾಲಿ ಕಲಿಯಾಕತ್ತೀಯಾ?"

"ನಾ ಕೊಲ್ಲೂದಿಲ್ಲ ಆಯಿ. ತಿನ್ನೂದೂ ಇಲ್ಲ."

"ಕೊಲ್ಲೂದಿಲ್ಲ, ತಿನ್ನೂದಿಲ್ಲ, ಮುಟ್ಟಿ ನೋಡ್ತಿ. ಅದೇನ ಸಣ್ಣದೇನು?"

ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈಗಲೂ ತೆಗೆದುಕೊಳ್ಳುವುದಿಲ್ಲ. ಆದರೆ ಅದಕ್ಕೆ ಹೆದರಿ ಓದು ಬಿಡಲಿಲ್ಲ. ಅಂದಿನಿಂದ ನನ್ನ ತಟ್ಟೆ, ಲೋಟ ಬೇರೆಯಾದವು. ರಜೆಯಲ್ಲಿ ಬಂದರೆ ಹಿತ್ತಲಲ್ಲಿ ತಲೆಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಬಂದೆ. ಬೇರೆ ತಟ್ಟೆಯಲ್ಲೇ ಹೊಟ್ಟೆ ತುಂಬ ಉಂಡೆ.

ಆ ವರ್ಷವೇ ರಬಕವಿಯಿಂದ ಒಂದು ಸಂಬಂಧ ಬಂತು. ಸೀರೆ ವ್ಯಾಪಾರದವರು, ನಮ್ಮವರೇ. ನೋಡಲು ಬರುವ ದಿನ ಅವ್ವ ನನ್ನ ಸೆರಗು ಸರಿಮಾಡುತ್ತ, "ಏನ ಓದ್ತಿ ಅಂತ ಕೇಳಿದ್ರ ಆಹಾರ ವಿಜ್ಞಾನ ಅನ್ನು. ಸುಳ್ಳೇನೂ ಅಲ್ಲ" ಎಂದಳು. ಚುರುಮುರಿ, ಚಹಾ ಆಯಿತು. ಹುಡುಗನ ತಾಯಿ ಕೇಳಿಯೇಬಿಟ್ಟರು.

"ಏನ ಓದಾಕತ್ತೀಯವಾ ತಂಗಿ?"

ಅವ್ವ ನನ್ನನ್ನೇ ನೋಡುತ್ತಿದ್ದಳು.

"ಹಂದಿ ಮಾಂಸದ ಗುಣ ಹೆಂಗ ತಳಿಯಿಂದ ತಳಿಗೆ ಬ್ಯಾರೆ ಆಗತೈತಿ ಅಂತ ಓದಾಕತ್ತೇನ್ರಿ."

ಹುಡುಗನ ತಾಯಿ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ನೆಲಕ್ಕಿಟ್ಟರು. ಹುಡುಗ ನಕ್ಕ, ತಮಾಷೆ ಎಂದುಕೊಂಡನೋ ಏನೋ. ಅವರು ಹೋದ ಮೇಲೆ ಅವ್ವ ಅತ್ತಳು. ನನಗೂ ಅವಳನ್ನು ನೋಡಿ ಅಳು ಬಂತು. ಆದರೆ ಮದುವೆಯಾಗಿ ದಿನವೂ ಆಹಾರ ವಿಜ್ಞಾನ ಎನ್ನುತ್ತ ಬದುಕುವುದಕ್ಕಿಂತ ಒಂದು ಸಂಜೆಯ ಅಳು ವಾಸಿ ಎನಿಸಿತ್ತು.

ಅಭ್ಯಾಸಕ್ಕೆ ಕರಿಯ ನಾಟಿ ಹಂದಿ, ಬಿಳಿಯ ವಿದೇಶಿ ತಳಿ, ಎರಡರ ಮಿಶ್ರತಳಿ ಮೂರೂ ಒಂದೇ ಕಡೆ ಬೇಕಾಗಿದ್ದವು. ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಸಿಕ್ಕವು. ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಬೀಳಗಿಗೆ ಬಂದು, ಅಲ್ಲಿಂದ ಟೆಂಪೋ ಹಿಡಿಯಬೇಕು. ಅಳತೆ ಹಿಡಿದು ಗೆರೆ ಎಳೆದಂಥ ನೇರ ರಸ್ತೆಗಳು, ಇನ್ನೂ ನೆರಳು ಕೊಡದ ಬೇವಿನ ಸಸಿಗಳು. ಹಳೆಯ ಊರು ನೀರಿನ ಅಡಿಯಲ್ಲಿತ್ತು. ಕೇಂದ್ರದ ಕೊನೆಯ ಓಣಿಯಲ್ಲಿ, ಕುರುಚಲು ಜಾಲಿಯ ಹತ್ತಿರ ಒಬ್ಬಳ ಹಂದಿ ದೊಡ್ಡಿ. ಎತ್ತರದ ಹೆಂಗಸು, ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವಳು, ಗಂಡ ತೀರಿಕೊಂಡಿದ್ದ. ದವಡೆಯಲ್ಲಿ ಸದಾ ತಂಬಾಕು. ತಲೆತಲಾಂತರದಿಂದ ಹಂದಿ ಸಾಕಿದ ಮನೆತನ. ಮುಳುಗಿದ ಮನೆಗೆ ಬಂದ ಪರಿಹಾರದ ಹಣದಲ್ಲಿ ಅವಳ ಮೈದುನ ದೂರದ ಯಾವುದೋ ಖಾಸಗಿ ಫಾರ್ಮಿನಿಂದ ಒಂದು ಬಿಳಿ ಗಂಡು ಹಂದಿ ತಂದುಕೊಟ್ಟಿದ್ದ.

"ನೀವು ತಿಂತೀರೇನ್ರಿ ಬಾಯಾರ?" ಮೊದಲ ದಿನ ಅವಳು ಕೇಳಿದ್ದು ಇದನ್ನೇ.

"ಇಲ್ಲಕ್ಕಾ. ನಮ್ಮ ಮನ್ಯಾಗ ಯಾರೂ ತಿನ್ನೂದಿಲ್ಲ."

"ತಿನ್ನದಾವ್ರಿಗೆ ಖಂಡದ ಉಸಾಬರಿ ಯಾಕ್ರಿ?" ಎಂದು ಬಾಯಿ ತುಂಬ ನಕ್ಕಳು. ಆಮೇಲೆ ಕುಳಿತುಕೊಳ್ಳಲು ಒಂದು ಕಲ್ಲು ತೋರಿಸಿದಳು.

ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಗೆ ಓಡಾಡಿದೆ. ಕೊಯ್ಯುವ ದಿನ ನಸುಕಿನಲ್ಲೇ ಇರಬೇಕಿತ್ತು. ಹಂದಿಯ ಕೂಗು ನನಗೆ ಎಂದೂ ರೂಢಿಯಾಗಲಿಲ್ಲ. ಆಗ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಕೂಗು ನಿಂತ ಮೇಲೆ ತಿರುಗಿ ಕೆಲಸ ಹಿಡಿಯುತ್ತಿದ್ದೆ. ಇನ್ನೂ ಬಿಸಿಯಿರುವ ಮಾಂಸಕ್ಕೆ ಹುಳಿ ಅಳೆಯುವ ಯಂತ್ರದ ಕಡ್ಡಿ ಚುಚ್ಚುವುದು, ಬಣ್ಣ ನೋಡುವುದು, ಒಂದು ತುಂಡನ್ನು ಚೀಲದಲ್ಲಿ ತೂಗುಹಾಕಿ ಎಷ್ಟು ನೀರು ಸೋರಿತು ಎಂದು ನೋಡುವುದು. ಕರಿಯ ಹಂದಿಯ ಮಾಂಸ ಕಡುಗೆಂಪು, ಎಳೆ ಎಳೆಯಾಗಿ ಕೊಬ್ಬು ಹೆಣೆದುಕೊಂಡಿರುತ್ತಿತ್ತು. ಬಿಳಿ ಗಂಡು ಮತ್ತು ಕರಿ ಹೆಣ್ಣಿಗೆ ಹುಟ್ಟಿದವು ಬೇಗ ಬೆಳೆಯುತ್ತಿದ್ದವು, ಕೊಬ್ಬು ಕಡಿಮೆ, ತೊಡೆ ತುಂಬಿಕೊಂಡಿರುತ್ತಿದ್ದವು. ಸಮೀರವಾಡಿ ಕಡೆ ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಇವನ್ನೇ ಕೇಳಿ ಒಯ್ಯುತ್ತಿದ್ದರು. ಅವಳಿಗೆ ಹುರುಪು ಬಂದಿತ್ತು. ಆ ಮಿಶ್ರತಳಿಯ ಹೆಣ್ಣುಗಳನ್ನೂ ಇಟ್ಟುಕೊಂಡು ಅದೇ ಬಿಳಿ ಗಂಡಿನಿಂದ ಮರಿ ಹಾಕಿಸಿದಳು. ಬೇರೆ ಗಂಡು ಅವಳ ಹತ್ತಿರ ಇರಲಿಲ್ಲ. ನಾನೂ ಎಲ್ಲ ಹಂದಿಗಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಫಲಿತಾಂಶದ ದಾರಿ ಕಾಯುತ್ತಿದ್ದೆ.

ಬೇಸಿಗೆ ಬಂತು. ಆ ಎರಡನೆಯ ತಲೆಮಾರಿನ ಮರಿಗಳು ದೊಡ್ಡವಾಗಿದ್ದವು. ಒಂದು ಮುಂಜಾನೆ ಹಿಡಿಯಲು ಹೋದಾಗ ಅದರಲ್ಲೊಂದು ಓಡಲಿಲ್ಲ. ಬಾಲ ನಡುಗಿತು, ಮೈಮೇಲೆ ಕೆಂಪು ಮಚ್ಚೆ ಎದ್ದವು, ಕಾಲು ಸೆಟೆದುಕೊಂಡು ಬಿದ್ದು ನಾವು ನೋಡುತ್ತಿರುವಾಗಲೇ ಸತ್ತಿತು. ಮೈ ಮುಟ್ಟಿದರೆ ಕೈ ಸುಡುವಂತಿತ್ತು. ಅದನ್ನು ಅವಳು ಹೂಳಿಸಿದಳು. ಹೂಳುವಾಗ ನಾನಿದ್ದೆ. ಅದರ ಒಡಹುಟ್ಟಿದ ಇನ್ನೊಂದನ್ನು ಕೊಯ್ದು ಸಂತೆಗೆ ಒಯ್ದಳು. ಮಧ್ಯಾಹ್ನದ ಹೊತ್ತಿಗೆ ಕೊಂಡವರು ತಿರುಗಿ ಬಂದರು. ಪಾತ್ರೆಗೆ ಹಾಕಿದರೆ ಮಾಂಸ ನೀರಲ್ಲಿ ತೇಲಿತ್ತಂತೆ, ಬೇಯಿಸಿದರೆ ಮುದುಡಿ ಅರ್ಧವಾಗಿತ್ತಂತೆ, ತಿಂದರೆ ನಾರು ನಾರಾಗಿತ್ತಂತೆ. ಸತ್ತ ಹಂದಿಯನ್ನೇ ಕೊಯ್ದು ಮಾರಿದ್ದಾಳೆ ಎಂದು ಒಬ್ಬ ಕೂಗಿದ. ಸೂಜಿಯಲ್ಲಿ ನೀರು ಹೊಡೆದಿದ್ದಾಳೆ ಎಂದು ಇನ್ನೊಬ್ಬ. ಅವಳ ತಕ್ಕಡಿಯನ್ನು ಎತ್ತಿ ರಸ್ತೆಗೆ ಎಸೆದರು.

ಊರಿನಿಂದ ಹಂದಿಗಳನ್ನು ತೆಗೆಸಬೇಕೆಂದು ಕೇಂದ್ರದ ಹಿರಿಯರು ಮೊದಲಿಂದಲೂ ಹೇಳುತ್ತಿದ್ದರು. ಅವರಿಗೆ ಇದೊಂದು ನೆಪ ಸಿಕ್ಕಿತು. ಮುಂದಿನ ಸಂತೆಯ ದಿನ ಕಟ್ಟೆಯ ಮುಂದೆ ಪಂಚಾಯ್ತಿ ಕರೆದರು.

ಅಷ್ಟರಲ್ಲಿ ಪ್ರಾಧ್ಯಾಪಕರ ಫೋನು ಬಂತು. ರಕ್ತದ ಫಲಿತಾಂಶ ಬಂದಿತ್ತು. ಆ ಬಿಳಿ ಗಂಡಿನ ಮೈಯಲ್ಲಿ ಒಂದು ದೋಷದ ವಂಶವಾಹಿ ಅಡಗಿ ಕುಳಿತಿತ್ತು. ಪ್ರತಿ ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿ ಬರುತ್ತದೆ. ಒಂದು ಕೆಟ್ಟದ್ದಿದ್ದು ಇನ್ನೊಂದು ಒಳ್ಳೆಯದಿದ್ದರೆ ಹಂದಿ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಕೊಬ್ಬು ಇನ್ನೂ ಸ್ವಲ್ಪ ಕಡಿಮೆಯಾಗಿ ತೊಡೆ ತುಂಬಿಕೊಳ್ಳುವುದರಿಂದ ಸಾಕುವವರು ಅಂಥದ್ದನ್ನೇ ಮೆಚ್ಚಿ ಆರಿಸುತ್ತಾರೆ. ತಂದೆಯನ್ನೇ ಮಗಳ ಜೊತೆ ಕೂಡಿಸಿದಾಗ ಕೆಲವು ಮರಿಗಳಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದಿತ್ತು. ಅಂಥ ಹಂದಿ ಬೆದರಿದರೆ ಅದರ ಸ್ನಾಯು ಬಿಗಿದದ್ದು ಸಡಿಲವಾಗುವುದಿಲ್ಲ, ಮೈ ಕಾಯುತ್ತದೆ, ಕೊಯ್ದ ಮೇಲೆ ಮಾಂಸ ಬಿಸಿಯಿರುವಾಗಲೇ ಹುಳಿಯೇರುತ್ತದೆ. ಬಿಸಿ ಹಾಲಿಗೆ ಹುಳಿ ಬಿದ್ದರೆ ಒಡೆಯುವ ಹಾಗೆ ಆ ಮಾಂಸವೂ ಒಡೆದು ನೀರು ಬಿಡುತ್ತದೆ.

ನಾನು ಪಂಚಾಯ್ತಿಯ ಸುದ್ದಿ ಹೇಳಿದೆ. "ನೀವು ಅದರಲ್ಲಿ ಬೀಳಬೇಡಿ. ನಿಮ್ಮ ಅಭ್ಯಾಸಕ್ಕೆ ಬೇಕಾದದ್ದು ಸಿಕ್ಕಾಯಿತು, ವಾಪಸು ಬನ್ನಿ" ಎಂದರು ಪ್ರಾಧ್ಯಾಪಕರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಅವರ ಮಾತು ಮುಗಿಯುವವರೆಗೆ ಕೇಳಿ, "ಸಂತೆ ಮುಗಿಸಿ ಬರ್ತೇನೆ ಸರ್" ಎಂದೆ.

ಪಂಚಾಯ್ತಿಯ ದಿನ ಮುಂಜಾನೆ ಗಲಾಟೆ ಮಾಡಿದವರಲ್ಲೇ ಇಬ್ಬರನ್ನು ದೊಡ್ಡಿಗೆ ಕರೆಸಿದೆ. ಅವರ ಕಣ್ಣ ಮುಂದೆಯೇ ಒಂದು ಕರಿ ಹಂದಿ, ಎರಡೂ ಕಡೆಯ ದೋಷವಿದ್ದ ಒಂದು ಮಿಶ್ರತಳಿ ಹಂದಿಯನ್ನು ಕೊಯ್ಯಲಾಯಿತು. ಸೂಜಿ ಇಲ್ಲ, ನೀರಿಲ್ಲ. ಒಂದೊಂದು ತುಂಡನ್ನು ಚೀಲದಲ್ಲಿ ಹಾಕಿ ಅವರ ಕೈಗೇ ಕೊಟ್ಟೆ. ಕಟ್ಟೆಗೆ ಬರುವ ಹೊತ್ತಿಗೆ ಮಿಶ್ರತಳಿಯ ಚೀಲದ ತಳದಲ್ಲಿ ತೆಳುಗೆಂಪು ನೀರು ಕೂಡಿಕೊಂಡಿತ್ತು. ಕರಿಯದರ ಚೀಲದಲ್ಲಿ ಬೆರಳು ಒದ್ದೆಯಾಗುವಷ್ಟೂ ಇರಲಿಲ್ಲ.

ಹಿರಿಯರು ಮೂಗಿಗೆ ಶಲ್ಯ ಹಿಡಿದು ಮುಖ ತಿರುಗಿಸಿದರು. ನಾನು ಎದ್ದು ನಿಂತು ಎಲ್ಲ ಹೇಳಿದೆ. ಗಂಡು, ಮಗಳು, ಮರಿ, ಒಡೆದ ಹಾಲು. ಚೀಲ ಹಿಡಿದಿದ್ದ ಇಬ್ಬರೂ, "ಖರೆ ಐತ್ರಿ, ನಾವು ನಿಂತ ನೋಡೇವಿ" ಎಂದರು. ಹಿಂದಿನಿಂದ ಒಬ್ಬ ಎದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟವನು.

"ಅಷ್ಟ ಚೊಕ್ಕ ಇದ್ರ ನೀವ ಒಂದ ತುಣುಕು ತಿಂದ ತೋರಿಸ್ರಿ ಬಾಯಾರ. ಆಮ್ಯಾಲ ನಂಬ್ತೇವಿ."

ಜನ ನಕ್ಕರು. ಆ ಹೆಂಗಸು ಎದ್ದು, "ಅವ್ರನ್ಯಾಕ ಎಳೀತೀಯೋ, ನನ್ನ ಕೇಳು" ಎಂದಳು. ನಾನು ಅವಳನ್ನು ಕೈಯಿಂದ ತಡೆದೆ.

"ನಾ ಜೈನರಾಕಿ. ಇವತ್ತೂ ತಿನ್ನೂದಿಲ್ಲ, ಸಾಯೂತನಕಾನೂ ತಿನ್ನೂದಿಲ್ಲ. ನಾ ತಿಂದ್ರ ಈ ಅಕ್ಕ ಖರೆ, ತಿನ್ನಲಿಲ್ಲಂದ್ರ ಕಳ್ಳಿ ಅಂತ ಆಗತೈತೇನು? ನನ್ನ ಬಾಯಿಗೂ ಆ ಹಂದಿ ರಕ್ತಕ್ಕೂ ಏನ ಸಂಬಂಧ? ಕಣ್ಣ ಅದಾವಲ್ಲ, ಚೀಲ ನೋಡ್ರಿ."

ಎಂದು ಹೇಳಿ ಎರಡೂ ತುಂಡುಗಳನ್ನು ಬರಿಗೈಯಲ್ಲಿ ಹೊರತೆಗೆದು ಎತ್ತಿ ಹಿಡಿದೆ. ಒಂದರಿಂದ ನೀರು ನನ್ನ ಮೊಣಕೈವರೆಗೆ ಇಳಿಯಿತು. ನಗು ನಿಂತಿತು. ಗ್ಯಾಂಗಿನವರು ಹತ್ತಿರ ಬಂದು ಒತ್ತಿ, ಮೂಸಿ ನೋಡಿದರು. "ತಳಿ ದೋಷ ಐತಿ, ಆಕೀದೇನೂ ತಪ್ಪಿಲ್ಲ" ಎಂದು ಅವರ ಮುಖ್ಯಸ್ಥನೇ ಹೇಳಿದ.

ಹಿರಿಯರಲ್ಲೊಬ್ಬರು ಬಿಡಲಿಲ್ಲ. "ಖಂಡದ ಮಾತ ಹಾಳಾಗಲಿ. ಹಂದಿ ಊರಾಗ ಬ್ಯಾಡಂದ್ರ ಬ್ಯಾಡ. ಈ ಜಾಗಾ ಬಿಟ್ಟ ಹೋಗ್ಲಿ."

ಆಗ ಅವಳು ಬಾಯೊಳಗಿನ ತಂಬಾಕು ಉಗುಳಿ ಬಂದು ಕಟ್ಟೆಯ ಎದುರಿಗೆ ನಿಂತಳು.

"ನೀರ ಬಂದಾಗ ನೀವೂ ಎದ್ದೀರಿ, ನಾನೂ ಎದ್ದೇನಿ. ನಿಮಗ ಜಾಗಾ ಕೊಟ್ಟ ಸರಕಾರನ ನನಗೂ ಕೊಟ್ಟೈತಿ. ಹೊಳಿ ಎಬ್ಬಿಸ್ತು, ಎದ್ದೆ. ನೀವು ಎಬ್ಬಿಸಿದ್ರ ಏಳಾಕಿ ಅಲ್ಲ ನಾ."

ಬಹಳ ಹೊತ್ತು ಜಗ್ಗಾಟವಾಗಿ, ಹಂದಿಗಳನ್ನು ಓಣಿಗೆ ಬಿಡಬಾರದು, ಸುತ್ತ ಗೋಡೆ ಕಟ್ಟಿಕೊಳ್ಳಬೇಕು ಎನ್ನುವಲ್ಲಿಗೆ ಬಂದು ನಿಂತಿತು. ಅವಳು ಗೋಡೆ ಕಟ್ಟಿದಳು. ಬಿಳಿ ಗಂಡನ್ನು ಬೇರೆ ಊರಿನವರು ತಳಿಗೆಂದು ಕೇಳಿದರೂ ಮಾರದೆ ಅದರ ಬೀಜ ಒಡೆಸಿದಳು. "ನನ್ನ ಮನ್ಯಾಗಿನ ಪೀಡಾ ಇನ್ನೊಬ್ರಿಗೆ ಯಾಕ ಕೊಡ್ಲಿ" ಎಂದಳು. ಜಮಖಂಡಿ ಕಡೆಯ ಬೀಗರಿಂದ ಕರಿಯ ಗಂಡೊಂದನ್ನು ತಂದಳು. ಮಿಶ್ರತಳಿಯ ಹೆಣ್ಣುಗಳಲ್ಲಿ ದೋಷವಿಲ್ಲದವನ್ನು ನಾನು ಗುರುತು ಮಾಡಿಕೊಟ್ಟೆ, ಅವನ್ನಷ್ಟೇ ಇಟ್ಟುಕೊಂಡಳು. ಬಿಟ್ಟುಹೋಗಿದ್ದ ಗಿರಾಕಿಗಳು ಎಲ್ಲರೂ ತಿರುಗಿ ಬರಲಿಲ್ಲ. ಅರ್ಧಕ್ಕೂ ಹೆಚ್ಚು ಮಂದಿ ಬಂದರು.

ಕಟ್ಟೆಯ ಮುಂದೆ ಹಂದಿ ಮಾಂಸ ಎತ್ತಿ ಹಿಡಿದ ಸುದ್ದಿ ನನಗಿಂತ ಮೊದಲೇ ತೇರದಾಳ ಮುಟ್ಟಿತ್ತು. ಕಾಕಾಗಳಿಬ್ಬರು ಮನೆಗೆ ಬಂದು ಕುಳಿತಿದ್ದರು. ನಾನು ಬಸದಿಗೆ ಹೋಗಿ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳಬೇಕು ಎಂದರು.

"ಬಸದಿಗೆ ದಿನಾ ಹೋಗ್ತೇನಿ, ನಾಳೆನೂ ಹೋಗ್ತೇನಿ. ತಪ್ಪ ಮಾಡಿಲ್ಲ, ಒಪ್ಪಿಕೊಳ್ಳೂದಿಲ್ಲ" ಎಂದೆ.

ಅಪ್ಪ ಅವರ ಎದುರು ಏನೂ ಮಾತಾಡಲಿಲ್ಲ. ಅವರು ಹೋದ ಮೇಲೆ ಎರಡು ದಿನ ನನ್ನೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಹೊಲಕ್ಕೆ ಬುತ್ತಿ ಒಯ್ದಾಗ, ಕಬ್ಬಿನ ಸಾಲಿನ ನೆರಳಲ್ಲಿ ರೊಟ್ಟಿ ಮುರಿಯುತ್ತ ಕೇಳಿದ.

"ಅಲ್ಲವಾ, ಆ ಗಂಡಿನ ಮೈಯಾಗ ದೋಷ ಇತ್ತಂದ್ರ ಅದಕ್ಕ ಯಾಕ ಏನೂ ಆಗಲಿಲ್ಲ?"

ನಾನು ಉದುರಿದ ಕಬ್ಬಿನ ಎಲೆಗಳ ರವದಿಯ ಮೇಲೆ ಎರಡು ಕಡ್ಡಿ ಇಟ್ಟು ತೋರಿಸಿದೆ. ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಅಪ್ಪ ಊಟ ಬಿಟ್ಟು ಕೇಳಿದ. ತಾನೇ ಕಡ್ಡಿಗಳನ್ನು ಅದಲುಬದಲು ಮಾಡಿ ನೋಡಿದ. ಹಿಂದೊಮ್ಮೆ ಒಳ್ಳೆಯ ಇಳುವರಿಯ ಬೀಜ ಎಂದು ಹಚ್ಚಿದ ಕಬ್ಬು ಬೆಲ್ಲ ಕಟ್ಟದೇ ಹೋದದ್ದನ್ನು ನೆನಪಿಸಿಕೊಂಡ. ಹಂದಿ ಎನ್ನುವ ಮಾತು ಅವನ ಬಾಯಿಂದ ಆ ದಿನವೂ ಬರಲಿಲ್ಲ, ಆ ಪ್ರಾಣಿ ಎನ್ನುತ್ತಿದ್ದ. ಆದರೆ ಅಂದು ಸಂಜೆ ಕಾಕಾನ ಮನೆಗೆ ಹೋಗಿ, "ನನ್ನ ಮಗಳ ಓದಿನ ಬಗ್ಗೆ ಇನ್ನ ನನ್ನ ಮನ್ಯಾಗ ಪಂಚಾಯ್ತಿ ಬ್ಯಾಡ" ಎಂದು ಹೇಳಿಬಂದನೆಂದು ಅವ್ವನಿಂದ ಗೊತ್ತಾಯಿತು.

ಆಯಿ ಮಾತ್ರ ಬದಲಾಗಲಿಲ್ಲ. ಅವಳು ಹಾಸಿಗೆ ಹಿಡಿದ ಕೊನೆಯ ಚಳಿಗಾಲದಲ್ಲಿ ನಾನು ಪಕ್ಕದಲ್ಲಿ ಕುಳಿತು ಒಮ್ಮೆ ಹೇಳಿದೆ.

"ಆಯಿ, ಕೊಲ್ಲೂದನ್ನ ನಿಲ್ಲಸಾಕ ನನ್ನ ಕೈಲೆ ಆಗೂದಿಲ್ಲ. ಹೆದರಿ ಹೆದರಿ ಸಾಯೂ ಹಂದಿ ಹುಟ್ಟದಂಗ ಮಾಡಾಕ ಆಗತೈತಿ. ಅಷ್ಟ ನನ್ನ ಓದು."

ಆಯಿ ಕಣ್ಣು ತೆರೆದು ನನ್ನನ್ನು ನೋಡಿದಳು. "ಅದು ನಿನ್ನ ಸಮಾಧಾನಕ್ಕ ನೀ ಹೇಳ್ಕೊಳ್ಳೂದು" ಎಂದಳು. ಸಿಟ್ಟಿನಿಂದಲ್ಲ. ನನ್ನ ಕೈಯ ನೀರು ಕುಡಿಯದೆಯೇ ಹೋದಳು. ಅವಳಿಗೆ ಅವಳ ಹಟ, ನನಗೆ ನನ್ನದು. ಅದು ಅವಳಿಂದಲೇ ನನಗೆ ಇಳಿದು ಬಂದದ್ದಿರಬೇಕು.

ಮುಂದೆ ನನಗೆ ಕಾಲೇಜಿನಲ್ಲಿ ಪಾಠ ಹೇಳುವ ನೌಕರಿ ಸಿಕ್ಕಿತು. ಮದುವೆಯೂ ಆಯಿತು, ತಡವಾಗಿ, ಮುಧೋಳದ ಸಾಲಿ ಮಾಸ್ತರನೊಬ್ಬನ ಜೊತೆ. ಎರಡು ಸಾವಿರದ ಹತ್ತು ದಾಟಿದ ಮೇಲೊಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಆ ದೊಡ್ಡಿಗೆ ಹೋಗಿದ್ದೆ. ಅಣೆಕಟ್ಟನ್ನು ಇನ್ನೂ ಎತ್ತರಿಸುತ್ತಾರೆ, ಹಿನ್ನೀರು ಮತ್ತೆ ಏರುತ್ತದೆ ಎಂಬ ಮಾತು ಆಗ ಅನಗವಾಡಿ ಕಡೆಯ ಬಸ್ಸುಗಳಲ್ಲೆಲ್ಲ ನಡೆದಿತ್ತು. ದೊಡ್ಡಿಯ ಅಕ್ಕನ ಕೂದಲು ಬೆಳ್ಳಗಾಗಿತ್ತು. ಹುಡುಗಿಯೊಬ್ಬಳು ಹಿಂದೆ ನಿಂತು ಮೂಗು ಮುಚ್ಚಿಕೊಂಡದ್ದನ್ನು ನೋಡಿ ಅವಳು ಕೇಳಿದಳು.

"ಈ ಹುಡುಗಿನೂ ತಿನ್ನದಾಕಿನ ಏನ್ರಿ?"

"ಹೌದಕ್ಕಾ."

"ಬರಲಿ ಬರಲಿ, ಮುಂದ ಬರಲಿ. ಮೂಗ ಬಿಟ್ಟ ನಿಲ್ಲಂತ ಹೇಳ್ರಿ, ನಾಳೆ ರೂಢಿ ಆಗತೈತಿ" ಎಂದು ದೊಡ್ಡಿಯ ಬಾಗಿಲು ತೆಗೆದಳು. ಹುಡುಗಿ ಮೂಗಿನಿಂದ ಕೈ ತೆಗೆದು ಒಳಗೆ ಹೋದಳು. ಒಳಗೆ ಕರಿ ಹಂದಿಯೊಂದು ಮರಿಗಳಿಗೆ ಮೊಲೆ ಕೊಡುತ್ತ ಮಲಗಿತ್ತು. ನಾವು ಅಷ್ಟು ಜನ ಒಳಗೆ ಬಂದರೂ ಅದು ಬೆದರಲಿಲ್ಲ, ಕಿವಿ ಅಲ್ಲಾಡಿಸಿ ಮತ್ತೆ ಕಣ್ಣು ಮುಚ್ಚಿತು.